ಎಂಟು ಹೊಸ ಪುಸ್ತಕ ಹಳೆಯವಾದ ಬಗೆ

ಚಿಕ್ಕ ಮಕ್ಕಳೂ ಚಿತ್ರದ ಪುಸ್ತಕವೂ ಒಂದೇ ಕೋಣೆಯಲ್ಲಿದ್ದರೆ ಕಲಿಸುವ ಬಾಯಾರಿಗೆ ನೆಮ್ಮದಿ ಇರುವುದಿಲ್ಲ. ಒಂದಲ್ಲ ಒಂದು ಪಜೀತಿ ಆಗುತ್ತಲೇ ಇರುತ್ತದೆ. ಬೇಕಾದರೆ ಯಾವ ಅಂಗನವಾಡಿಯಲ್ಲಾದರೂ ಕೇಳಿ ನೋಡಿ. ಶೇಡಬಾಳದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಲ್ಲಿ ಟಿ.ವಿ. ಇದ್ದ ಮನೆ ಎರಡೋ ಮೂರೋ, ಅವುಗಳಲ್ಲೂ ಬಣ್ಣ ಕಾಣುತ್ತಿರಲಿಲ್ಲ. ಅಂಥದರಲ್ಲಿ ನಮ್ಮ ಕೇಂದ್ರಕ್ಕೆ ಎಂಟು ಬಣ್ಣದ ಚಿತ್ರಪುಸ್ತಕ ಬಂದವು. ಆ ಎಂಟು ಪುಸ್ತಕ ನನ್ನ ಜೀವ ತಿಂದಷ್ಟು ಮೂವತ್ತು ಮಕ್ಕಳು ಸೇರಿಯೂ ತಿನ್ನಲಿಲ್ಲ.

೧. ಕೈ ಹಿಂದ!

ಪುಸ್ತಕ ತಂದುಕೊಟ್ಟ ಸೂಪರ್‌ವೈಸರ್ ಬಾಯಾರು ಟ್ರಂಕಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಒಂದ ಹಾಳಿ ಹರದ್ರೂ ನಿಮ್ಮ ಹೆಸರಿಗೆ ನೋಟೀಸ್ ಬರತೈತಿ ನೋಡ್ರಿ. ಮಕ್ಕಳ ಕೈಯಾಗ ಕೊಟ್ಟೀರಿ ಮತ್ತ!"

ಮಕ್ಕಳ ಪುಸ್ತಕವನ್ನು ಮಕ್ಕಳ ಕೈಗೆ ಕೊಡದೆ ಏನು ಮಾಡಬೇಕು? ಕೇಳುವ ಧೈರ್ಯ ನನಗಿರಲಿಲ್ಲ. ನಾನೇ ಒಂದು ಪದ್ಧತಿ ಮಾಡಿದೆ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಪುಸ್ತಕ ಎತ್ತಿ ಹಿಡಿಯುವುದು. ಮಕ್ಕಳು ದೂರದಲ್ಲಿ ಸಾಲಾಗಿ ಕೂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುವುದು. ಯಾರಾದರೂ ಬೆರಳು ಚಾಚಿದರೆ ನಾನು "ಕೈ ಹಿಂದ! ನೋಟೀಸ್ ಬರತೈತಿ!" ಎಂದು ಗದರುತ್ತಿದ್ದೆ. ನೋಟೀಸು ಎಂದರೆ ಏನೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಕಚ್ಚುವ ಯಾವುದೋ ಪ್ರಾಣಿ ಎಂದುಕೊಂಡಿರಬೇಕು, ಬಹಳ ಹೆದರುತ್ತಿದ್ದವು. ವರ್ಷವಾದರೂ ಒಂದು ಹಾಳೆ ಹರಿಯಲಿಲ್ಲ. ನಾನು ಬೀಗಿದೆ.

ಒಂದು ದಿನ ಬೆಳಿಗ್ಗೆ ಒಬ್ಬ ಅಜ್ಜ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಮುಖ ಬಾಡಿತ್ತು.

"ಬಾಯಾರ, ಈಕಿಗೆ ಏನ್ ಕಲಿಸೀರಿ? ಗ್ವಾಡಿಮ್ಯಾಲಿನ ಕ್ಯಾಲೆಂಡರಿಂದು ಹಾಳಿ ಹರಿಯಾಕ ಬಿಡವಲ್ಲಳು. ಕೈ ಹಚ್ಚಿದ್ರ ಸಾಕು, 'ಅಜ್ಜಾ, ಕೈ ಹಿಂದ!' ಅಂತ ಒದರಿ ಮನಿ ಹಾರಸ್ತಾಳ. ನಮ್ಮ ಮನ್ಯಾಗ ನಾಕ ದಿನದಿಂದ ಸೋಮವಾರನ ಐತಿ."

"ಇರಲಿ ಬಿಡ್ರಿ ಅಜ್ಜಾರ, ಸಣ್ಣಕೂಸು," ಎಂದೆ.

"ಇರಲಿ ಅಂದ್ರ ಹ್ಯಾಂಗ್ರಿ? ನಾ ಸೋಮವಾರ ಒಂದ ಹೊತ್ತ ಉಣ್ಣಾಂವ!"

೨. ಹಳೆಯದು ಮಾಡುವ ಉಪಾಯ

ಅಷ್ಟರಲ್ಲಿ ಮೇಲಿನ ಸಾಹೇಬರು ಬದಲಾದರು. ಹೊಸಬರು ಬಹಳ ಖಡಕ್ಕು. ಅಥಣಿಯಲ್ಲಿ ನಮ್ಮೆಲ್ಲರ ಮೀಟಿಂಗ್ ಕರೆದು ಮೇಜು ಗುದ್ದಿದರು.

"ವರ್ಷಾದ್ರೂ ಪುಸ್ತಕ ಹೊಸಾವ ಅದಾವಂದ್ರ ಮಕ್ಕಳು ಮುಟ್ಟೇ ಇಲ್ಲ ಅಂತ ಅರ್ಥ. ಅಂಥಾ ಕಡಿಂದ ಪುಸ್ತಕ ಎತ್ತಿಸಿ ತೆಲಸಂಗದ ಬಾಜೂಕ ಕಳಸ್ತೀನಿ. ಶುಕ್ರವಾರ ನಾನ ಖುದ್ದ ಬಂದು ನೋಡಾಂವ."

ಅಂದು ಶನಿವಾರ. ಆ ಪುಸ್ತಕಗಳ ಮೇಲೆ ನನಗೆ ಸಿಟ್ಟಿದ್ದದ್ದು ನಿಜ. ಆದರೆ ಕಬ್ಬಿನ ಕೆಲಸಕ್ಕೆ ಹೋಗುವ ತಾಯಂದಿರು ಬಾಗಿಲಲ್ಲಿ ಬಿಟ್ಟು ಹೋದಾಗ ಹೋ ಎಂದು ಅಳುವ ಮಕ್ಕಳು, ನಾನು ಟ್ರಂಕಿನ ಬೀಗ ತೆಗೆಯುವ ಸಪ್ಪಳ ಕೇಳಿದರೆ ಸುಮ್ಮನಾಗುತ್ತಿದ್ದವು. ಆ ಟ್ರಂಕು ಹೋದರೆ ಅವುಗಳಿಗೆ ಏನು ತೋರಿಸಲಿ? ಗೋಡೆಯ ಸುಣ್ಣವನ್ನೇ? ಬಸ್ಸಿನಲ್ಲಿ ಬರುವಾಗ ನನಗೆ ಅಳುವೇ ಬಂತು.

ಸೋಮವಾರ ಹೋದವಳೇ ಟ್ರಂಕು ತೆಗೆದು ಎಲ್ಲ ಪುಸ್ತಕಗಳನ್ನೂ ಚಾಪೆಯ ಮೇಲೆ ಹರವಿದೆ. "ತಗೋರಿ, ಹಿಡೀರಿ, ತಿರವಿ ಹಾಕ್ರಿ!"

ಮೂವತ್ತು ಮಕ್ಕಳೂ ಒಮ್ಮೆಲೇ ಕೈ ಬೆನ್ನ ಹಿಂದೆ ಕಟ್ಟಿಕೊಂಡವು.

"ಇಲ್ಲೋ, ಇವತ್ತ ಮುಟ್ರಿ! ನಾನ ಹೇಳಾಕತ್ತೀನಿ!" ಎಂದು ಅಂಗಲಾಚಿದೆ. ಅಜ್ಜನ ಮೊಮ್ಮಗಳು ತಲೆ ಅಲ್ಲಾಡಿಸಿ, "ಒಲ್ಲೆವ್ರಿ ಬಾಯಾರ. ಮುಟ್ಟಿದ ಮ್ಯಾಲ ಬೈತೀರಿ," ಅಂದಳು.

ಇದನ್ನೆಲ್ಲ ನೋಡುತ್ತಿದ್ದ ನಮ್ಮ ಆಯಾ ನನ್ನ ಮೇಲೆ ಕನಿಕರಪಟ್ಟಳು. ಮಕ್ಕಳಿಗೆ ಉಪ್ಪಿಟ್ಟು ಮಾಡಿಹಾಕುವ ಹೆಂಗಸು, ನನಗಿಂತ ಹಿರಿಯಳು. "ಎರಡ ಪುಸ್ತಕ ನನ್ನ ಕಡೆ ಕೊಡ್ರಿ. ನಾ ಹಳೇವು ಮಾಡಿ ಕೊಡ್ತೀನಿ," ಎಂದು ಒಲೆಯ ಹತ್ತಿರ ಒಯ್ದಳು. ಎಣ್ಣೆ ಕೈಯಿಂದ ಒರೆಸಿದಳು. ಮೂಲೆ ಮಡಚಿದಳು. ಮಕ್ಕಳ ಕೈ ಜಿಗುಟು ಇರುತ್ತದಲ್ಲ ಎಂದು ಒಂದಿಷ್ಟು ಬೆಲ್ಲದ ನೀರನ್ನೂ ಸವರಿದಳು. ಸಂಜೆ ಟ್ರಂಕಿನಲ್ಲಿಟ್ಟೆವು.

ಮರುದಿನ ಬೀಗ ತೆಗೆದರೆ ಎರಡೂ ಪುಸ್ತಕಗಳ ಮೇಲೆ ಇರುವೆಯೋ ಇರುವೆ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. "ಏನವ್ವಾ ಇದು? ಸಾಹೇಬ್ರಿಗೆ ಏನ ಹೇಳ್ಲಿ?"

ಆಯಾ ಸೆರಗಿನಿಂದ ಇರುವೆ ಕೊಡವುತ್ತ ನಿರಾಳವಾಗಿ ಹೇಳಿದಳು: "ಪುಸ್ತಕ ಯಾರರೆ ಮುಟ್ಯಾರಿಲ್ಲೋ ಅಂತ ಅಷ್ಟ ಕೇಳ್ಯಾರಲ್ರಿ? ಇಷ್ಟ ಮಂದಿ ಮುಟ್ಟಿದ ಪುಸ್ತಕ ಇಡೀ ತಾಲೂಕಿನ್ಯಾಗ ಇನ್ನೊಂದಿಲ್ಲ ಅಂತ ಹೇಳ್ರಿ."

೩. ಹುಲಿಯ ಊಟ

ಉಪಾಯ ಎಲ್ಲ ಮುಗಿದವು. ಬೇರೆ ದಾರಿ ಕಾಣದೆ ಮೊದಲ ಸಲ ನಾನೂ ಚಾಪೆಯ ಮೇಲೆ ಕೂತೆ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಯಾರನ್ನೂ ಕರೆಯದೆ, ನನ್ನಷ್ಟಕ್ಕೆ ಹುಲಿ ಮತ್ತು ಆಡಿನ ಮರಿಯ ಕಥೆ ಹೇಳತೊಡಗಿದೆ. ಮಕ್ಕಳು ಕುಂಡಿ ಸರಿಸುತ್ತ ಸರಿಸುತ್ತ ಹತ್ತಿರ ಬಂದವು. ನನ್ನ ಮೊಣಕಾಲಿಗೆ ತಾಗಿ ಕೂತವು. ಕೈ ಇನ್ನೂ ಹಿಂದೆಯೇ ಇದ್ದವು.

ಹುಲಿ ಗಿಡದ ಮರೆಯಲ್ಲಿ ಹೊಂಚು ಹಾಕಿದ ಹಾಳೆ ಬಂತು. ಮರಿ ನೀರು ಕುಡಿಯುತ್ತಿದೆ. ನಾನು ಹಾಳೆ ತಿರುವಬೇಕು, ಅಷ್ಟರಲ್ಲಿ ಅಜ್ಜನ ಮೊಮ್ಮಗಳು ಚೀರಿ, ಎರಡೂ ಕೈ ಮುಂದೆ ಚಾಚಿ ಪುಸ್ತಕ ಕಸಿದುಕೊಂಡಳು. ರಪ್ಪನೆ ಮುಚ್ಚಿ ಅದರ ಮೇಲೆ ಕೂತುಬಿಟ್ಟಳು.

"ತಿರವಬ್ಯಾಡ್ರಿ! ತಿಂತೈತಿ!"

ಪುಸ್ತಕದ ಮೂಲೆ ಮುದುಡಿತ್ತು. ಆ ಮೂಲೆ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಮಕ್ಕಳ ಕಣ್ಣಲ್ಲಿ ನೀರಿತ್ತು. ನಾಲ್ಕು ಮಕ್ಕಳು ಹುಡುಗಿಯ ಸುತ್ತ ಕಾವಲು ಕೂತವು. ಮರಿಗೆ ಏನೂ ಆಗುವುದಿಲ್ಲ ಎಂದರೂ ಕೇಳಲಿಲ್ಲ. ಬುಧವಾರ ಇಡೀ ದಿನ ಆ ಹಾಳೆ ದಾಟಲು ಬಿಡಲಿಲ್ಲ. ಕಾವಲು ಕೂತು ಬೇಸರವಾದಾಗ ಕೈ ಕಟ್ಟುವುದನ್ನೂ ಮರೆತು ಉಳಿದ ಪುಸ್ತಕಗಳನ್ನು ಎಳೆದಾಡಿದವು. ಗುರುವಾರವೂ ಅದೇ ಹಟ: ಹುಲಿಗೆ ಹಸಿವಾಗಿದೆ, ಅದಕ್ಕೆ ಬೇರೆ ಊಟ ಆಗುವವರೆಗೆ ಹಾಳೆ ತಿರುವುವಂತಿಲ್ಲ.

ಕೊನೆಗೆ ಒಬ್ಬ ಹುಡುಗ ಎದ್ದು ನಿಂತ. ಜೈನರ ಮನೆಯವನು. ಅವರಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ.

"ಹುಲಿನ್ನ ನಮ್ಮನಿಗೆ ಕಳಸ್ರಿ ಬಾಯಾರ. ನಮ್ಮವ್ವ ರೊಟ್ಟಿ ಪಲ್ಲೆ ನೀಡತಾಳ. ಆದ್ರ ಹೊತ್ತ ಮುಣಗೂದರಾಗ ಬಾ ಅಂತ ಹೇಳ್ರಿ. ತಡಾ ಮಾಡಿದ್ರ ಹುಲಿ ಆದ್ರೂ ಉಪಾಸನ!"

೪. ಒಡೆಯದ ಹಾಳೆ

ಶುಕ್ರವಾರ ಜೀಪು ಬಂತು. ಸಾಹೇಬರು ಕೋಣೆಯ ನಡುವೆ ಕುರ್ಚಿ ಹಾಕಿಸಿಕೊಂಡು ಒಂದೊಂದೇ ಪುಸ್ತಕ ತಿರುವಿದರು. ಮುದುಡಿದ ಮೂಲೆ ನೋಡಿದರು. ಎಣ್ಣೆ ಕಲೆ ಮೂಸಿದರು. ಹೂಂ ಎಂದರು. ಏಳು ಪುಸ್ತಕ ಮುಗಿದವು. ಗೆದ್ದೆ ಎಂದುಕೊಂಡೆ.

ಎಂಟನೆಯದನ್ನು ತಿರುವುತ್ತಿದ್ದ ಕೈ ನಿಂತಿತು. ಅದರಲ್ಲಿ ಎರಡು ಹಾಳೆ ಅಂಚಿನಲ್ಲಿ ಕೂಡಿಕೊಂಡೇ ಇದ್ದವು. ಪ್ರೆಸ್ಸಿನವರು ಕತ್ತರಿಸಲು ಮರೆತಿದ್ದರು. ಬ್ಲೇಡು ಹಾಕಿದರೆ ಹರಿದೀತು, ನೋಟೀಸು ಬಂದೀತು ಎಂದು ನಾನೂ ಮುಟ್ಟಿರಲಿಲ್ಲ. ಈ ಗಡಿಬಿಡಿಯಲ್ಲಿ ಅದು ನೆನಪಿಗೂ ಬರಲಿಲ್ಲ.

"ಈ ಹಾಳಿ ಒಡದೇ ಇಲ್ಲ! ಅಂದ್ರ ಪುಸ್ತಕ ಓದೇ ಇಲ್ಲ. ಉಳದದ್ದೆಲ್ಲಾ ನನಗ ತೋರ್ಸಾಕ ಮಾಡಿದ್ದು. ಡ್ರೈವರ್, ಎಂಟೂ ಟ್ರಂಕಿನ್ಯಾಗ ಹಾಕಿ ಜೀಪಿನ್ಯಾಗ ಇಡು."

ಸಾಹೇಬರ ಕೈಯಲ್ಲಿದ್ದದ್ದನ್ನು ಬಿಟ್ಟು ಉಳಿದ ಏಳು ಪುಸ್ತಕ ತುಂಬಿ ಡ್ರೈವರ್ ಟ್ರಂಕು ಎತ್ತಿದ. ಆಗ ಅಜ್ಜನ ಮೊಮ್ಮಗಳು ಸಾಹೇಬರ ಮುಂದೆ ಬಂದು ನಿಂತಳು.

"ಓದೇವ್ರಿ! ಆ ಹಾಳಿ ಒಳಗ ಕರಡಿ ಮಲಗೈತಿ. ತಗೀಬ್ಯಾಡ್ರಿ, ಎಚ್ಚರಾಗತೈತಿ."

ಹೌದು, ಹಾಗೆ ಹೇಳಿದವಳು ನಾನೇ. ಕರಡಿ ಗವಿಗೆ ಹೋಗುವ ಚಿತ್ರದವರೆಗೆ ಹಾಳೆ ತೆರೆದಿದ್ದವು. ಮುಂದಿನದು ಕಾಣದ್ದಕ್ಕೆ "ಬಾಗಿಲ ಹಾಕ್ಕೊಂಡು ಮಲಗಿತು" ಎಂದು ಪ್ರತಿ ಸಲ ಕಥೆ ಮುಗಿಸುತ್ತಿದ್ದೆ.

"ಮಲಗೈತಿ? ನೋಡೇ ಬಿಡೂಣು," ಎಂದು ಸಾಹೇಬರು ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು ಹಾಳೆ ಸೀಳಿದರು. ಮಕ್ಕಳ ಕಡೆ ತಿರುಗಿಸಿ ಹಿಡಿದರು. ಒಳಗಿದ್ದದ್ದು ಖಾಲಿ ಗವಿಯ ಚಿತ್ರ.

"ಕರಡಿ ಇಲ್ಲ!" ಅಂತು ಒಂದು ಕೂಸು.

"ಹೊರಗ ಬಂದೈತಿ!" ಅಂತು ಇನ್ನೊಂದು.

ಮುಂದಿನದು ಹೇಳುವಂತಿಲ್ಲ. ಮೂವತ್ತು ಮಕ್ಕಳು ಚೀರುತ್ತ ಸಿಕ್ಕಿದ್ದನ್ನು ಹತ್ತಿದವು. ಮೂರು ಆಯಾಳ ಬೆನ್ನೇರಿದವು. ಎರಡು ಡ್ರೈವರನ ಕಾಲು ಹಿಡಿದು ನೇತಾಡಿದವು. ಅಜ್ಜನ ಮೊಮ್ಮಗಳು ಸಾಹೇಬರ ತೊಡೆಯೇರಿ ಕುತ್ತಿಗೆಗೆ ಜೋತುಬಿದ್ದಳು.

"ಎಲ್ಲೈತಿ? ಎಲ್ಲೈತವಾ?" ಎಂದು ಗದ್ದಲದಲ್ಲಿ ಸಾಹೇಬರೂ ಕೂಗಿದರು.

ಅವಳು ಅವರ ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ನಿಮ್ಮ ಕುರ್ಚಿ ಕೆಳಗ."

ಸಾಹೇಬರು ಫಕ್ಕನೆ ಎರಡೂ ಕಾಲೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು.

ಹಾಗೆ ಮುದುರಿ ಕೂತ ಮೇಲೆ ತಾನೇನು ಮಾಡಿದೆ ಎಂದು ಅವರಿಗೆ ತಿಳಿಯಿತು. ನನ್ನ ಕಡೆ ನೋಡಿದರು. ನನಗೆ ನಗುವ ಧೈರ್ಯ ಎಲ್ಲಿಯದು? ಟ್ರಂಕು ಇನ್ನೂ ಡ್ರೈವರನ ಕೈಯಲ್ಲಿ, ಬಾಗಿಲ ಹತ್ತಿರ ಇತ್ತು. ಸಾಹೇಬರು ಕಾಲು ಇಳಿಸದೆಯೇ ಭೇಟಿ ಪುಸ್ತಕ ಕೇಳಿ ತೆಗೆದುಕೊಂಡರು. ಕುತ್ತಿಗೆಗೆ ಜೋತುಬಿದ್ದ ಹುಡುಗಿಯ ಪಕ್ಕದಿಂದ ಕೈ ತೂರಿಸಿ ಏನೋ ಬರೆದರು. ಹುಡುಗಿಯನ್ನು ನನ್ನ ಕೈಗೆ ಕೊಟ್ಟು, ಟ್ರಂಕು ಕೆಳಗಿಡುವಂತೆ ಡ್ರೈವರನಿಗೆ ಸನ್ನೆ ಮಾಡಿ, ಜೀಪು ಹತ್ತಿದರು.

ನಾನು ಭೇಟಿ ಪುಸ್ತಕ ತೆರೆದು ಓದಿದೆ:

"ಚಿತ್ರಪುಸ್ತಕಗಳು ಉಪಯೋಗದಲ್ಲಿವೆ. ಇದೇ ಕೇಂದ್ರದಲ್ಲಿ ಇರತಕ್ಕದ್ದು. ಕರಡಿ ಪತ್ತೆಯಾದ ಕೂಡಲೇ ವರದಿ ಸಲ್ಲಿಸತಕ್ಕದ್ದು."