ಫೋನ್ ಬದಲು ಪಿಎಚ್.ಡಿ.

ಒಂದು ಫೋನ್ ಮಾಡುವುದನ್ನು ತಪ್ಪಿಸಿಕೊಳ್ಳಲು ಪಿಎಚ್.ಡಿ. ಮಾಡಿದ ಮನುಷ್ಯ ಇಡೀ ಲಂಡನ್ನಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬನೇ! ಅದೂ ಕೌನ್ಸಿಲ್‌ನಲ್ಲಿ ಜೀವಮಾನವೆಲ್ಲ ಚರಂಡಿಗಳ ನಕ್ಷೆ ಬರೆದು ನಿವೃತ್ತನಾದ ಮೇಲೆ. ವಿಷಯ ಯಾವುದು ಗೊತ್ತೇ? ಟ್ರಾನ್ಸ್‌ಜೆಂಡರ್ ಅಧ್ಯಯನ, ಲೈಂಗಿಕತೆ ಮತ್ತು ಮನೋವಿಶ್ಲೇಷಣೆ. ಧಾರವಾಡದ ನಮ್ಮ ಮನೆತನದಲ್ಲಿ ಈ ಮೂರರಲ್ಲಿ ಒಂದರ ಹೆಸರನ್ನೂ ಯಾರೂ ಗಟ್ಟಿಯಾಗಿ ಹೇಳಿದವರಲ್ಲ.

ಫೋನ್ ಮಾಡಬೇಕಾಗಿದ್ದು ಮಗಳಿಗೆ. ಮಗನೆಂದು ಬೆಳೆಸಿದ ಒಂದೇ ಕೂಸು ಎಂಟು ವರ್ಷದ ಹಿಂದೆ ಪಿನ್ನರ್ ಬಡಾವಣೆಯ ಅವರ ಮನೆಯಲ್ಲಿ, ಚಹಾ ಕುಡಿಯುತ್ತಾ, "ನಾನು ನಿಮ್ಮ ಮಗಳು" ಎಂದು ಹೇಳಿದಳು. ಕಾಕಾ ಕಪ್ಪು ಕೆಳಗಿಟ್ಟು, "ನಾ ಕರಿಯೂತನಕ ಈ ಮನಿಗೆ ಬರಬ್ಯಾಡ" ಅಂದ. ಅವಳು ಹೋದಳು. ಹಟದಲ್ಲಿ ಅಪ್ಪನದೇ ಪಡಿಯಚ್ಚು, ಕರೆಯದೆ ಬರಲಿಲ್ಲ.

ವಾರದೊಳಗೇ ಅವನಿಗೆ ಪಶ್ಚಾತ್ತಾಪವಾಯಿತೆಂದು ಅವನ ಹೆಂಡತಿ, ನಮ್ಮ ಕಾಕೂ, ಹೇಳುತ್ತಾಳೆ. ಹಾಗಾದರೆ ಕರೆಯಬಾರದೆ? ಕರೆಯುವ ಮೊದಲು ಏನು ಹೇಳಬೇಕೆಂದು ಗೊತ್ತಿರಬೇಡವೆ! ವಾಷಿಂಗ್ ಮಷಿನ್ ತಂದಾಗಲೂ ಅಷ್ಟೇ: ಕೈಪಿಡಿಯನ್ನು ಪೆನ್ಸಿಲ್ ಹಿಡಿದು ಕೊನೆಯ ಪುಟದವರೆಗೆ ಓದಿ ಮುಗಿಸುವ ತನಕ, ಮೂರು ದಿನ, ಮನೆಮಂದಿಯ ಬಟ್ಟೆ ಬಕೆಟ್ಟಿನಲ್ಲೇ ನೆನೆದವು. ಮಗಳ ವಿಷಯದಲ್ಲಿ ಲೈಬ್ರರಿಯಿಂದ ಒಂದು ಪುಸ್ತಕ ತಂದ. ಅದರ ಅಡಿಟಿಪ್ಪಣಿಗಳಲ್ಲಿ ಇನ್ನೂ ಹತ್ತು ಪುಸ್ತಕಗಳಿದ್ದವು. "ಅರ್ಧಾ ತಿಳಕೊಂಡು ಮಾತಾಡಿದ್ದಕ್ಕ ಹಿಂಗ ಆಗೇತಿ" ಎಂದು ಅವನ್ನೂ ತಂದ. ಹೀಗೆ ಅಡಿಟಿಪ್ಪಣಿಗಳ ಬೆನ್ನು ಹತ್ತಿ ಹೋದವನು ಸೀದಾ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಿ ನಿಂತ.

ಮನೋವಿಶ್ಲೇಷಣೆಯ ಗೀಳು ಹತ್ತಿದ ಮೇಲೆ ಅವನ ಮನೆಗೆ ಹೋದವರಿಗೆ ಸೋಫಾದ ಮೇಲೆ ಕೂರುವ ಭಾಗ್ಯ ತಪ್ಪಿತು. ಮಲಗಬೇಕು! ಕಾಕಾ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ನೋಟ್‌ಬುಕ್ ತೆರೆಯುತ್ತಿದ್ದ. ಒಮ್ಮೆ ನಾನು, ಬೇಗ ಮುಗಿದರೆ ಬೇಗ ಚಹಾ ಸಿಕ್ಕೀತೆಂಬ ಆಸೆಗೆ, ಟ್ಯೂಬ್ ರೈಲಿನಲ್ಲಿ ಊಟದ ಡಬ್ಬಿ ಕಳೆದುಕೊಂಡ ಕನಸನ್ನು ಹೇಳಿದೆ.

"ಡಬ್ಬಿ ಅಂದ್ರ ಡಬ್ಬಿ ಅಲ್ಲವ್ವಾ," ಅಂದ.

"ಮತ್ತೇನು?"

"ಅದನ್ನ ನೀನ ಹೇಳಬೇಕು."

ಅಡಿಗೆಮನೆಯಿಂದ ಕಾಕೂ ಕೂಗಿದಳು: "ಡಬ್ಬಿ ಅಂದ್ರ ಡಬ್ಬಿನ! ಹೋದ ತಿಂಗಳ ನನ್ನ ಡಬ್ಬಿ ಒಯ್ದಾಕಿ ಇನ್ನೂ ತಂದು ಕೊಟ್ಟಿಲ್ಲ."

ಯಾರ ವಿಶ್ಲೇಷಣೆ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿ ನಮ್ಮ ಮನೆಯ ಫ್ರಿಜ್ಜಿನಲ್ಲಿತ್ತು.

ಸ್ಟ್ಯಾನ್ಮೋರ್‌ನ ನಮ್ಮ ಮನೆಗೆ ಒಂದು ಯುಗಾದಿಗೆ ಊಟಕ್ಕೆ ಬಂದಿದ್ದ ಬೆಂಗಳೂರಿನ ಗೆಳೆಯರೊಬ್ಬರು ಬಾಯಿ ತಪ್ಪಿ, "ಸರ್, ಯಾವುದರ ಮೇಲೆ ರಿಸರ್ಚ್ ಮಾಡ್ತಿದೀರಂತೆ?" ಎಂದು ಕೇಳಿಬಿಟ್ಟರು. ಕಾಕಾ ಹೇಳಿದ. ಹೇಳುತ್ತಲೇ ಇದ್ದ. ಬಿಸಿಬೇಳೆಭಾತು ಚಾಕುವಿನಿಂದ ಕತ್ತರಿಸುವ ಹದಕ್ಕೆ ಬಂತು. ಗೆಳೆಯರು ಪಾರಾಗುವ ದಾರಿ ಹುಡುಕುತ್ತಾ, "ತುಂಬಾ ಇಂಟರೆಸ್ಟಿಂಗ್ ಸರ್. ನಿಮ್ಮ ಫ್ಯಾಮಿಲೀಲೂ ಯಾರಾದ್ರೂ..." ಅಂದರು. ಕಾಕಾ ಕನ್ನಡಕ ತೆಗೆದು ಒರೆಸಿದ.

"ಅದು ಮುಂದಿನ ಅಧ್ಯಾಯದಾಗ ಬರತೈತಿ."

ಆಮೇಲೆ ಅಧ್ಯಾಯಗಳು ಒಂದರ ಹಿಂದೊಂದು ಬಂದವು. ಅದು ಮಾತ್ರ ಯಾವುದರಲ್ಲೂ ಬರಲಿಲ್ಲ.

ಇತ್ತ ಕಾಕೂ ಪ್ರತಿ ಶನಿವಾರ ಕೊಲಿಂಡೇಲ್‌ನಲ್ಲಿರುವ ಮಗಳ ಫ್ಲ್ಯಾಟಿಗೆ ಹೋಗುತ್ತಿದ್ದಳು. ಗಂಡನಿಗೆ ಹೇಳುವುದು "ಕಾಯಿಪಲ್ಲೆ ತರಾಕ ಹೊಂಟೀನಿ" ಎಂದು. ಆರು ತಾಸಿನ ಕಾಯಿಪಲ್ಲೆ! ಸಂಜೆ ಬಂದರೆ ಕಾಕಾ ಪುಸ್ತಕದಿಂದ ತಲೆ ಎತ್ತದೆ ಕೇಳುತ್ತಿದ್ದ: "ಕಾಯಿಪಲ್ಲೆ ಅಂಗಡಿ ಲಿಫ್ಟ್ ರಿಪೇರಿ ಆತೇನು? ಐದು ಮಾಳಿಗಿ ಹತ್ತಿದ್ರ ನಿನ್ನ ಮೊಣಕಾಲ ನೂಸತಾವು." ಯಾವ ಊರಲ್ಲಿ ಬದನೆಕಾಯಿಯನ್ನು ಐದನೇ ಮಾಳಿಗೆಯಲ್ಲಿ ಮಾರುತ್ತಾರೆ? ಕಾಕೂ ಕೇಳಲಿಲ್ಲ. "ಆಗೇತಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂತೂ ಕಾಕಾ ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಪಾಸಾದ. ಪರೀಕ್ಷಕರು ಒಂದೇ ಒಂದು ತಿದ್ದುಪಡಿ ಕೇಳಿದರು. ಇಷ್ಟೆಲ್ಲ ಬರೆದ ಸಂಶೋಧಕ ಈ ವಿಷಯಕ್ಕೂ ತನಗೂ ಏನು ಸಂಬಂಧ, ತಾನು ಎಲ್ಲಿ ನಿಂತಿದ್ದಾನೆಂದು ಎಲ್ಲಿಯೂ ಹೇಳಿಲ್ಲ, ಅದರ ಬಗ್ಗೆ ಒಂದು ಪ್ಯಾರಾ ಸೇರಿಸಬೇಕು. ನಾನ್ನೂರು ಪುಟ ಬರೆದ ಗಂಡಸು ಆ ಒಂದು ಪ್ಯಾರಾದ ಮುಂದೆ ಎರಡು ತಿಂಗಳು ಕುಳಿತ. ಅಷ್ಟರಲ್ಲಿ ನಾಗರಪಂಚಮಿ ಬಂತು.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತಾವಾಗಿಯೇ ತವರಿಗೆ ಬರುವಂತಿಲ್ಲ. ತವರಿನವರೇ ಉಂಡಿ ಕಟ್ಟಿಕೊಂಡು ಹೋಗಿ ಕರೆತರಬೇಕು. ಗಂಡುಮಕ್ಕಳನ್ನು ಯಾರೂ ಕರೆಯಲು ಹೋಗುವುದಿಲ್ಲ, ಹಸಿವಾದರೆ ಅವೇ ಬರುತ್ತವೆ! ಈ ಊರಲ್ಲಿ ನನಗೆ ತವರೆಂದರೆ ಕಾಕಾನ ಮನೆ. ಹಾಗಾಗಿ ಅವನು ಪ್ರತಿ ವರ್ಷ ಬಸ್ಸು ಬದಲಿಸಿ, ಶೇಂಗಾ ಉಂಡಿಯ ಡಬ್ಬಿ ಹಿಡಿದು ನಮ್ಮ ಮನೆಗೆ ಬರುತ್ತಾನೆ. ಆಮೇಲೆ ನಾನೇ ಅವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಪಿನ್ನರ್‌ಗೆ ಹೋಗುತ್ತೇನೆ. ಹೀಗೆ ನನ್ನನ್ನು ತವರಿಗೆ ಕರೆದೊಯ್ಯಲಾಗುತ್ತದೆ.

ಈ ಸಲ ಅವನ ಕೈಯಲ್ಲಿ ಎರಡು ಡಬ್ಬಿಗಳಿದ್ದವು. ಒಂದನ್ನು ನನಗೆ ಕೊಟ್ಟ. ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು, "ಮೊದಲ ಕೊಲಿಂಡೇಲ್‌ಗೆ ನಡಿ" ಅಂದ.

ಕಾರು ಹೊರಡಿಸಿದೆ. ದಾರಿಯಲ್ಲಿ ಒಂದೇ ಮಾತು ಕೇಳಿದೆ.

"ಆ ಪ್ಯಾರಾ ಬರದಿಯೇನು ಕಾಕಾ?"

"ಇನ್ನೂ ಇಲ್ಲ."

ಲಿಫ್ಟ್ ಮತ್ತೆ ಕೆಟ್ಟಿತ್ತು. ಡಬ್ಬಿಯನ್ನು ನನ್ನ ಕೈಗೆ ಕೊಡದೆ ಐದು ಮಾಳಿಗೆ ಹತ್ತಿದ. ಬೆಲ್ ಒತ್ತಿದ. ಹೆಗಲ ಮೇಲೆ ಟವೆಲ್ಲು, ಒದ್ದೆ ಕೂದಲು, ಮಗಳು ಬಾಗಿಲು ತೆರೆದಳು. ನನ್ನನ್ನು ನೋಡಿದಳು, ಆಮೇಲೆ ಅವನನ್ನು. ಎಂಟು ವರ್ಷ ಓದಿದ್ದರಲ್ಲಿ ಒಂದು ವಾಕ್ಯವೂ ಅವನ ಬಾಯಿಗೆ ಬರಲಿಲ್ಲ. ಎರಡೂ ಕೈಯಿಂದ ಡಬ್ಬಿ ಮುಂದೆ ಹಿಡಿದ.

"ಪಂಚಮಿಗೆ ಕರಿಯಾಕ ಬಂದೇನಿ, ನಮ್ಮವ್ವಾ."

ಅವಳು ಎಂದಿನಂತೆ ಇಂಗ್ಲಿಷಿನಲ್ಲೇ, ಒಂದು ಫೋನ್ ಮಾಡಿದ್ದರೂ ಬರುತ್ತಿದ್ದೆನಲ್ಲ ಡ್ಯಾಡ್, ಅಂದಳು.

"ಹೆಣ್ಣುಮಕ್ಕಳನ್ನ ಫೋನಿನ್ಯಾಗ ಕರಿಯೂ ಪದ್ಧತಿ ನಮ್ಮ ಮನ್ಯಾಗ ಇಲ್ಲವ್ವಾ," ಅಂದ ಕಾಕಾ. ಅವನು ಅಳುತ್ತಿದ್ದ. ನಾನೂ.

ಅವಳು ಡಬ್ಬಿ ಇಸಿದುಕೊಂಡು, ಚಪ್ಪಲಿ ಹುಡುಕತೊಡಗಿದಳು.