‘ಬ್ರೋ’ ಅಂದರೆ ಯಾವ ವರಸೆ?

ಕೇಳದಿದ್ದರೂ ಅರ್ಥ ಹೇಳುವುದು ಒಂದು ಕಾಯಿಲೆ. ಪಾಂಡವಪುರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿರುವ ನನಗೆ ಅದು ವಾಸಿಯಾಗದಷ್ಟು ಬಲಿತಿದೆ. ಬಸ್ಸಿನಲ್ಲಿ ಪಕ್ಕದವರು ‘ಟೆನ್ಶನ್’ ಅಂದರೂ ಸಾಕು, ಆ ಪದದ ಹುಟ್ಟು ಹೇಳತೊಡಗುತ್ತೇನೆ. ಪಾಪ, ಕ್ಯಾತನಹಳ್ಳಿಗೆ ಟಿಕೇಟು ತೆಗೆದವರು ಮುಂಚಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ.

ಮೊನ್ನೆ ಮಗಳು ಕಾವ್ಯಳನ್ನು ನೋಡಲು ನಾಗಮಂಗಲದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನೂ ಅವಳೂ ಆಗಲೇ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡಾಗಿತ್ತು. ಬಾಕಿ ಇದ್ದದ್ದು ನನ್ನ ಸೋದರತ್ತೆ ಚಿಕ್ಕತಾಯಮ್ಮನ ಒಪ್ಪಿಗೆ. ಅವರು ವರಸೆ ನೋಡಿ ಹೂಂ ಅನ್ನದೆ ನಮ್ಮಲ್ಲಿ ಯಾವ ಮದುವೆಯೂ ಆಗಿಲ್ಲ. ಯಾರು ಯಾರಿಗೆ ಅಣ್ಣ, ಯಾರು ಮಾವ ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿದೆ. ಹುಡುಗ ಹುಡುಗಿಗೆ ಅಣ್ಣನ ವರಸೆಯೋ ಚಿಕ್ಕಪ್ಪನ ವರಸೆಯೋ ಆದನೋ, ಮುಗಿಯಿತು, ಕಾಫಿ ಕುಡಿದು ಹೊರಡಬೇಕು.

ಎಲ್ಲ ಸುಸೂತ್ರವಾಗಿತ್ತು. ನಾನು ಇನ್ನೊಂದಿಷ್ಟು ಉಪ್ಪಿಟ್ಟು ಬಡಿಸಹೋದಾಗ ಹುಡುಗ ಅಭ್ಯಾಸಬಲದಿಂದ “ಸಾಕು ಬ್ರೋ” ಅಂದುಬಿಟ್ಟ. ತಕ್ಷಣ ನಾಲಿಗೆ ಕಚ್ಚಿಕೊಂಡ.

“ಅಂಗಂದ್ರೆ ಏನ್ಲಾ?” ಅತ್ತೆ ನನ್ನನ್ನು ಕೇಳಿದರು. ಹೆಂಡತಿ ಕಣ್ಣಲ್ಲೇ ಬೇಡ ಅಂದಳು. ಕೇಳುವವರು ತಾವಾಗಿ ಸಿಕ್ಕಾಗ ಬಿಡುವುದುಂಟೆ! “ಬ್ರದರ್ ಅನ್ನೋದನ್ನ ಮೊಟಕು ಮಾಡಿರೋದು ಕಣತ್ತೆ. ಒಡಹುಟ್ಟಿದೋನು ಅಂತ. ಇಂಗ್ಲಿಷಿನೋರು ಹಿಂದಿನ ಕಾಲದಲ್ಲೇ ಹಿಂಗೆ ಬರೀತಿದ್ರು” ಎಂದು ಉಬ್ಬಿ ವಿವರಿಸಿದೆ.

ಅತ್ತೆ ತಟ್ಟೆ ಕೆಳಗಿಟ್ಟರು. “ನಿಂಗೆ ತಮ್ಮ ಆದ್ರೆ ಮಗೀಗೆ ಚಿಕ್ಕಪ್ಪ ಆಯ್ತನೆ ಕಣ್ಲಾ! ಚಿಕ್ಕಪ್ಪಂಗೆ ಎಣ್ಣು ಕೊಡಕಾದದಾ?”

ಬಂದವರು ಮುಖ ಮುಖ ನೋಡಿಕೊಂಡರು. ಕಾವ್ಯಳ ಕಣ್ಣಲ್ಲಿ ನೀರು. “ಈಗ ಎಲ್ರಿಗೂ ಅಂಗೇ ಅಂತಾರೆ ಅತ್ತೆ, ಹುಡುಗೀರ್ಗೂ ಅಂತಾರೆ” ಎಂದು ತೇಪೆ ಹಾಕಲು ಹೋದೆ.

“ಅಂಗಾರೆ ಇವ್ಳಿಗೂ ಅಂದವ್ನಾ?” ಎಂದು ಅತ್ತೆ ಅವನತ್ತ ತಿರುಗಿದರು. ಹುಡುಗ ತಲೆ ತಗ್ಗಿಸಿದ. ಅಂದಿದ್ದ! ಈಗ ಅವನು ಚಿಕ್ಕಪ್ಪನೂ ಹೌದು, ಅಣ್ಣನೂ ಹೌದು. ನನ್ನ ವಿದ್ವತ್ತಿಗಿಷ್ಟು ಬೆಂಕಿ ಹಾಕ!

ಆಗ ಕಾವ್ಯ ಅವನತ್ತ ನೋಡಿ ತುಟಿಯಲ್ಲೇ ಏನೋ ಹೇಳಿಕೊಟ್ಟಳು. ಹುಡುಗ ದಡಬಡಿಸಿ ಎದ್ದು ಬಂದು ನನ್ನ ಕಾಲಿಗೆ ಬಿದ್ದು, “ತಪ್ಪಾಯ್ತು ಮಾವ” ಅಂದ. ಅತ್ತೆಯ ಮುಖ ಅರಳಿತು. “ಇರೀಕರ ಮುಂದೆ ಮಾವ ಅಂದ್ಬುಟ್ಟ. ವರಸೆ ಕೂಡ್ತು ಬುಡು. ತಾಂಬೂಲ ತತ್ತಾ!”

ನಿಟ್ಟುಸಿರು ಬಿಟ್ಟೆ. ತಟ್ಟೆ ಬದಲಾಯಿಸುವಾಗ ಬೀಗರು ಸೌಜನ್ಯಕ್ಕೆ, “ಮೇಷ್ಟ್ರಿಗೆ ಬಾಳ ತಿಳ್ದದೆ” ಅಂದರು. ನಾನು ಗಂಟಲು ಸರಿಮಾಡಿಕೊಂಡು, “ಈ ಮಾವ ಅನ್ನೋ ಪದ ನೋಡಿ...” ಎಂದು ಶುರುಮಾಡಿದೆ.

“ಇವನ ಬಾಯಿಗೆ ಬಾಳೆಹಣ್ಣಿಕ್ರೋ, ಮದ್ವೆ ನಿಂತೋದದು!” ಎಂದು ಅತ್ತೆ ಕೂಗಿದರು.

ಸುಲಿದು ಇಟ್ಟವನು ಅಳಿಯ.