ನಮ್ಮ ಭಾವನ ರದ್ದಿ ದರ್ಬಾರು

ನಮ್ಮ ಭಾವನ ಕೈಗೆ ಕಾಗದ ಕೊಟ್ಟು ಅದನ್ನು ಮರಳಿ ಪಡೆದವರು ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಲಗ್ನಪತ್ರಿಕೆಯಾಗಲಿ, ಸಿನಿಮಾದ ಕರಪತ್ರವಾಗಲಿ, ಒಮ್ಮೆ ಅವರ ಗೋಣಿಚೀಲ ಸೇರಿತೆಂದರೆ ಮುಗಿಯಿತು. ಮುಂದೆ ಅದು ಲೋಕಕ್ಕೆ ಮುಖ ತೋರಿಸುವುದು ರಟ್ಟಾದ ಮೇಲೆಯೇ.

ಅವರು ಹೋಗಿ ತಿಂಗಳಾಯಿತು. ನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ. ಎಷ್ಟು ದೂರ ಆಗುತ್ತದೋ ನೋಡೋಣ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಹರಿಯಬ್ಬೆ. ಹಿರಿಯೂರಿನ ಹೊರಗೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಶುರುವಾದಾಗ, ಅದಕ್ಕೆ ರದ್ದಿ ಕಾಗದ ಕೂಡಿಸಿ ಕೊಡುವ ಕೆಲಸ ಇವರಿಗೆ ಸಿಕ್ಕಿತು. ಹಳೆಯ ಕಾಗದವನ್ನು ನೆನೆಸಿ, ಅರೆದು, ರಟ್ಟು ಮಾಡಿ, ಅದರಲ್ಲಿ ಸೀರೆ ಅಂಗಡಿಗೂ ಮಿಠಾಯಿ ಅಂಗಡಿಗೂ ಪೆಟ್ಟಿಗೆ ಮಾಡುವುದು ಕಾರ್ಖಾನೆಯ ಕಸುಬು. ರದ್ದಿ ಕೂಡಿಸುವುದು ಭಾವನ ಕಸುಬು. ಕಸುಬು ಎಂದೆನೆ? ಹುಚ್ಚು ಎನ್ನಬೇಕು!

ಹೊಸದುರ್ಗದ ಬಸ್ಸಿನಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಮುಂದಿನ ಸೀಟಿನಲ್ಲಿ ಯಾರೋ ಒಬ್ಬರು ಪೇಪರ್ ಓದುತ್ತಿದ್ದರು. ಭಾವ ಅವರ ಹೆಗಲ ಮೇಲೆ ಬಗ್ಗಿ, "ಓದಿ ಮುಗೀತೇನ್ರಿ?" ಎಂದರು. ಇಲ್ಲವೆಂದರು ಅವರು. ಎರಡು ಊರು ದಾಟಿದ ಮೇಲೆ ಮತ್ತೆ, "ಈಗ?" ಆ ಪುಣ್ಯಾತ್ಮರು ಸಿಟ್ಟಿನಿಂದ ಪೇಪರನ್ನೇ ಇವರ ತೊಡೆಗೆ ಎಸೆದರು. "ದೇವ್ರು ಒಳ್ಳೇದ್ ಮಾಡ್ಲಿ" ಎನ್ನುತ್ತ ಭಾವ ಅದನ್ನು ಚೀಲಕ್ಕೆ ತುರುಕಿದರು.

ಕಂಡಕ್ಟರ್ ಬಂದ. "ಯಜಮಾನ್ರೇ, ಈ ಚೀಲಕ್ಕೂ ಟಿಕೀಟು ತಗಳ್ರಿ."

"ತಗಂತೀನಪ್ಪ. ಇಳಿಯೋವಾಗ ಎಲ್ರ ಟಿಕೀಟೂ ನಂಗೇ ಕೊಡಿಸ್ಬೇಕು ನೋಡು!"

ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಈ ಮನುಷ್ಯ ಯಾರೋ ಗೊತ್ತಿಲ್ಲ ಎಂಬಂತೆ ಕೂತೆ. ಬಿಟ್ಟಾರೆಯೇ? "ಏನವ್ವ ನಾದಿನಿ, ನಿನ್ ಟಿಕೀಟು ಎಲ್ಲೈತೆ?"

ಇಷ್ಟು ನಗೆಯ ಮನುಷ್ಯನ ಮನೆಯಲ್ಲಿ ಮಾತ್ರ ನಗು ಇರಲಿಲ್ಲ. ಅಕ್ಕನಿಗೆ ಒಂದೇ ಹೆಣ್ಣು ಮಗು. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರದಿಂದ ಹೋಯಿತು. ಆಮೇಲೆ ಅಕ್ಕ ಮಾತು ಬಿಟ್ಟಳು. ಅಡುಗೆ ಮಾಡುವಳು, ನೀರು ತರುವಳು, ಕರೆದರೆ ತಲೆಯೆತ್ತುವಳು, ಅಷ್ಟೇ. ದಿನದಿನಕ್ಕೆ ಊಟವೂ ಕಡಿಮೆಯಾಯಿತು. ಒಂದು ದಿನ ಭಾವ ನನ್ನನ್ನು ಹಿತ್ತಲಿಗೆ ಕರೆದು, "ಮನೇಲಿ ನನ್ ದನಿ ಒಂದೇ ಕೇಳಿಸ್ತೈತೆ ಕಣವ್ವ. ಹಿಂಗೇ ಆದ್ರೆ ನಿಮ್ಮಕ್ಕ ನಮ್ಗೆ ಉಳಿಯಲ್ಲ" ಎಂದರು. ಅವರು ನಗಿಸದೆ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಆ ವಾರವೇ ಅವರು ರದ್ದಿಯನ್ನೆಲ್ಲ ತಂದು ಮನೆಯ ಅಂಗಳಕ್ಕೆ ಸುರಿದರು!

ಬಿಳಿ ಕಾಗದ ಬೇರೆ, ಬಣ್ಣದ್ದು ಬೇರೆ, ರಟ್ಟಿನ ಚೂರು ಬೇರೆ ಮಾಡಲು ಹೆಂಗಸರು ಬೇಕಿತ್ತು. ಕಾರ್ಖಾನೆಯಲ್ಲೇ ಮಾಡಿಸು ಎಂದು ಸಾಹುಕಾರರು ಹೇಳಿದರಂತೆ. "ನಮ್ಮಂಗಳ ಬಾಳ ತಂಪೈತ್ರಿ" ಎಂದು ಇವರು ವಾದಿಸಿದರಂತೆ. ಆ ಅಂಗಳದಲ್ಲಿ ನೆರಳು ಎಂಬುದಿದ್ದರೆ ಅದು ಭಾವನದೊಂದೇ!

ಊರಿನ ಹೆಂಗಸರು ಬಂದರು. ಆದರೆ ಮೊದಲ ದಿನವೇ ಕೆಲಸ ನಿಂತಿತು. ರಾಶಿಯ ಮೇಲೆ ಕಾಲಿಡದೆ ಬೇರ್ಪಡಿಸಲಾಗದು, ಕಾಲಿಟ್ಟರೆ ಸರಸ್ವತಿ! ಹೆಜ್ಜೆಗೊಮ್ಮೆ ಬಗ್ಗಿ, ಕಾಗದ ಮುಟ್ಟಿ, ಕಣ್ಣಿಗೊತ್ತಿಕೊಳ್ಳುವವರೇ ಎಲ್ಲ. ಮಧ್ಯಾಹ್ನದ ಹೊತ್ತಿಗೆ ನಮಸ್ಕಾರ ಬೆಟ್ಟದಷ್ಟು, ಬೇರ್ಪಟ್ಟ ಕಾಗದ ಒಂದು ಮೊರದಷ್ಟು.

"ಬೆಳಿಗ್ಗೆ ಎಲ್ಲ ಸೇರಿ ಒಂದ್ಸಲ ಗಟ್ಟಿಯಾಗಿ ಕೈ ಮುಗುದ್ಬಿಡ್ರಿ. ಸಂಜೆ ತಂಕ ನಡೀತೈತೆ" ಎಂದು ಭಾವ ಪರಿಹಾರ ಸೂಚಿಸಿದರು.

ಕುರಿಹಟ್ಟಿಯಿಂದ ಬಂದಿದ್ದ ಒಬ್ಬ ಅಜ್ಜಿ ಒಪ್ಪಲಿಲ್ಲ. "ಅಕ್ಷರ ತುಳಿದ್ರೆ ವಿದ್ಯೆ ಹತ್ತಲ್ಲ ಕಣಪ್ಪ. ಮೊದ್ಲು ನೀನೇ ತುಳಿ. ನಿಂಗೆ ಹೆಂಗೂ ಹತ್ತಿಲ್ಲ!"

ಅಂಗಳವೆಲ್ಲ ಗೊಳ್ಳೆಂದಿತು. ಆ ನಗುವಿನ ಹಿಂದೆ, ಬಾಗಿಲ ಮರೆಯಿಂದ ಇನ್ನೊಂದು ಸಣ್ಣ ನಗು ಕೇಳಿಸಿತು. ಅಕ್ಕನದು.

ಭಾವ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಮರುಗಳಿಗೆ ಪಂಚೆ ಎತ್ತಿಕಟ್ಟಿ ರಾಶಿಯ ಮೇಲೆ ಹಾರಿ, ಜಾರಿ, ಮಕಾಡೆ ಬಿದ್ದರು. ಬಿದ್ದರೋ, ಬೇಕೆಂದೇ ಬಿದ್ದರೋ? ಅಜ್ಜಿ, "ನೋಡ್ರೇ, ಸರಸ್ವತಿನೇ ಒದ್ದು ಕೆಡವಿದ್ಲು!" ಎಂದಳು. ಅಂದಿನಿಂದ ಕೆಲಸ ಸಾಗಿತು.

ಆಮೇಲೆ ಹೆಂಗಸರಿಗೆ ದಿನವೂ ಬೈಯಲು ಏನಾದರೊಂದು ಒದಗಿಸುವುದು ಭಾವನ ನಿತ್ಯವ್ರತವಾಯಿತು. ಹೊಳಲ್ಕೆರೆಯ ಮದುವೆಯಲ್ಲಿ ಅಕ್ಷತೆ ಹಾಕುವುದು ಬಿಟ್ಟು ಉಡುಗೊರೆಗೆ ಸುತ್ತಿದ್ದ ಬಣ್ಣದ ಕಾಗದ ಬಿಚ್ಚಿ ತಂದರು. ಎಪ್ಪತ್ತೆಂಟರ ಚುನಾವಣೆಯಲ್ಲಿ ಎಲ್ಲ ಪಕ್ಷದವರಿಗೂ, "ಗೋಡೆ ತುಂಬ ಪೋಸ್ಟರ್ ಅಂಟಿಸ್ರಿ, ಜಿಪುಣತನ ಮಾಡಬ್ಯಾಡ್ರಿ" ಎಂದು ಹುರಿದುಂಬಿಸಿದರು. ಯಾರು ಗೆದ್ದರು ಭಾವ ಎಂದರೆ, "ಯಾರಾದ್ರೇನವ್ವ? ಸೋತೋರೂ ಗೆದ್ದೋರೂ ಒಂದೇ ಗಾಡೀಲಿ ಬಂದವ್ರೆ!"

ಅಕ್ಕ ಬಾಗಿಲಿನಿಂದ ಜಗುಲಿಗೆ ಬಂದಳು. ಜಗುಲಿಯಿಂದ ಅಂಗಳಕ್ಕೆ. ಕೊನೆಗೆ ಭಾವನನ್ನು ಬೈಯುವುದರಲ್ಲಿ ಅಜ್ಜಿಯನ್ನೂ ಮೀರಿಸಿದಳು. ಬೈಸಿಕೊಳ್ಳುತ್ತ ನಿಂತ ಅವರ ಮುಖ ನೋಡಬೇಕಿತ್ತು, ಹಾರ ಹಾಕಿಸಿಕೊಂಡವರ ಹಾಗೆ!

ಊರಿಗೂ ಒಳ್ಳೆಯದಾಯಿತು. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಹೆಂಗಸರಿಗೆ ವಾರದ ಕೂಲಿ ಬಂತು. ಹಿರಿಯೂರಿನಲ್ಲಿ ತೆಂಗಿನಕಾಯಿ ಇಳಿಸಿ ಬರಿದೇ ಮರಳುತ್ತಿದ್ದ ಗಾಡಿಗಳು ರದ್ದಿ ಹೇರಿಕೊಂಡು ಬಂದವು. ಸಂತೆಯಲ್ಲಿ ಗಂಡನ ಮುಖ ನೋಡದೆ ಬಳೆ ಇಡಿಸಿಕೊಂಡ ಹೆಂಗಸರನ್ನು ನಾನು ಕಂಡದ್ದು ಆಗಲೇ. ಈ ಉಪಕಾರವನ್ನೆಲ್ಲ ಭಾವ ಎಣಿಸಿ ಮಾಡಿದ್ದಲ್ಲ. ಅವರಿಗೆ ಬೇಕಿದ್ದದ್ದು ಒಬ್ಬಳ ಮಾತು.

ಹೋದ ತಿಂಗಳು ಎದೆನೋವೆಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಅಕ್ಕ ಅಳಲಿಲ್ಲ. ಮಾತೂ ಆಡಲಿಲ್ಲ. ಬಂದವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಮಗು ಹೋದಾಗ ಅವಳನ್ನು ಎಳೆದು ತರಲು ಭಾವನಿದ್ದರು. ಈಗ ಯಾರಿದ್ದಾರೆ?

ತಿಥಿ ಮುಗಿದ ಮರುದಿನ ಹೆಂಗಸರು ಬಂದು ಅಂಗಳದಲ್ಲಿ ಸುಮ್ಮನೆ ಕೂತರು. ಅಷ್ಟರಲ್ಲಿ ಮನೆಯ ಮುಂದೆ ರದ್ದಿ ಹೇರಿದ ಗಾಡಿ ನಿಂತಿತು. ಗಾಡಿಯವನು ತಲೆಯ ಟವಲು ತೆಗೆದು, "ತಪ್ಪು ತಿಳ್ಕಾಬ್ಯಾಡ್ರಮ್ಮ. ಗೊತ್ತಿಲ್ದಲೇ ಹೇರಿಬಿಟ್ರು. ವಾಪಸ್ ಹೊಡ್ಕಂಡ್ ಹೋಗ್ಲಾ?" ಎಂದ. ಹೂಂ ಎನ್ನಲು ನಾನು ಬಾಯಿ ತೆರೆದೆ.

"ಇಳಿಸಪ್ಪ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಎತ್ತು ಎಷ್ಟೊತ್ತು ಎಳ್ಕಂಡ್ ತಿರುಗ್ಬೇಕು? ಇಳಿಸು."

ರಾಶಿ ಬಿತ್ತು. ಅಕ್ಕ ಬಂದು ಅದರ ಪಕ್ಕ ಕೂತಳು. ಹೆಂಗಸರ ಕೈಗಳು ಒಂದೊಂದಾಗಿ ಆಡತೊಡಗಿದವು. ಕಾಗದದ ಸರಸರ ಸದ್ದೊಂದೇ. ಸ್ವಲ್ಪ ಹೊತ್ತಿಗೆ ಅಕ್ಕನ ಕೈ ನಿಂತಿತು.

"ಯಾಕ್ರೇ, ಎಲ್ರೂ ಬಾಯಿಗೆ ಬೀಗ ಹಾಕ್ಕಂಡೀರಿ? ದಿನಾ ಬೈತಿದ್ರಲ್ಲ ಅವ್ರನ್ನ. ಬೈರಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೆಂಗೆ ಬೈಯಾಣವ್ವ? ಕೇಳೋರು ಎಲ್ಲವ್ರೆ?"

"ನಾನಿಲ್ವಾ?" ಎಂದಳು ಅಕ್ಕ. "ನಾನು ಕೇಳ್ತೀನಿ. ಬೈರಿ."